ಆಮದು ಸುಂಕ ಬದಲಾದರೆ ಯಾರಿಗೆ ಏನಾಗುತ್ತದೆ? ವ್ಯಾಪಾರ ನೀತಿಯ ಆರ್ಥಿಕ ಮಾದರಿಗಳ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ರೇಷ್ಮೆ, ಅಡಿಕೆ, ಕಾಳುಮೆಣಸು, ಅಡುಗೆ ಎಣ್ಣೆ ಇವುಗಳಲ್ಲಿ ಯಾವುದರ ಸುಂಕ ಬದಲಾದರೂ ಅದರ ಬೆನ್ನಿಗೇ ಒಂದು ವರದಿ ಬರುತ್ತದೆ: ಇಷ್ಟು ಕೋಟಿ ಲಾಭ, ಇಷ್ಟು ಲಕ್ಷ ಉದ್ಯೋಗ, ಜಿಡಿಪಿಯಲ್ಲಿ ಇಷ್ಟು ಶೇಕಡಾ ಏರಿಕೆ. ಆ ಅಂಕಿ ಎಲ್ಲಿಂದ ಬಂತು, ಅದನ್ನು ಎಷ್ಟರ ಮಟ್ಟಿಗೆ ನಂಬಬಹುದು ಎಂದು ಕೇಳುವವರಿಗಾಗಿ ಈ ಪ್ರಶ್ನೋತ್ತರ. ಅರ್ಥಶಾಸ್ತ್ರದ ಪದವಿ ಬೇಕಿಲ್ಲ; ಗುಣಿಸುವುದು, ಕಳೆಯುವುದು ಬಂದರೆ ಸಾಕು.

ವ್ಯಾಪಾರ ನೀತಿಯ ಮಾದರಿ ಎಂದರೆ ಏನು?

ಕೊಳ್ಳುವವರು, ಬೆಳೆಯುವವರು, ಆಮದು ಮಾಡುವವರು, ಸರ್ಕಾರ ಇವರೆಲ್ಲ ಬೆಲೆ ಬದಲಾದಾಗ ಹೇಗೆ ನಡೆದುಕೊಳ್ಳುತ್ತಾರೆ ಎಂಬುದನ್ನು ಸಮೀಕರಣಗಳಲ್ಲಿ ಬರೆದು, ಅವುಗಳಿಗೆ ನಿಜವಾದ ಅಂಕಿಅಂಶ ತುಂಬಿದ ಲೆಕ್ಕಾಚಾರ. ಈ ಲೆಕ್ಕ ಎರಡು ಸ್ಥಿತಿಗಳನ್ನು ಹೋಲಿಸುತ್ತದೆ. ಒಂದರಲ್ಲಿ ಸುಂಕ ಇದೆ, ಇನ್ನೊಂದರಲ್ಲಿ ಇಲ್ಲ, ಉಳಿದದ್ದೆಲ್ಲ ಒಂದೇ. ಮಳೆ ಕೈಕೊಡುವುದು, ಯುದ್ಧ ಶುರುವಾಗುವುದು, ಸಾಂಕ್ರಾಮಿಕ ಹರಡುವುದು ಇದರೊಳಗೆ ಬರುವುದಿಲ್ಲ. ಹಾಗಾಗಿ ‘ಮುಂದಿನ ವರ್ಷ ರೇಷ್ಮೆಗೂಡಿನ ದರ ಎಷ್ಟಾಗುತ್ತದೆ’ ಎಂದು ಮಾದರಿಯನ್ನು ಕೇಳಿ ಪ್ರಯೋಜನವಿಲ್ಲ. ‘ಸುಂಕ ಇಲ್ಲದಿದ್ದರೆ ಇರುತ್ತಿದ್ದ ದರಕ್ಕಿಂತ ಎಷ್ಟು ಹೆಚ್ಚು’ ಎಂದು ಕೇಳಬೇಕು. ಪತ್ರಿಕೆಗಳ ತಲೆಬರಹಗಳಲ್ಲಿ ಈ ವ್ಯತ್ಯಾಸ ಸಾಮಾನ್ಯವಾಗಿ ಮಾಯವಾಗಿರುತ್ತದೆ.

ಸುಂಕ ಹಾಕಿದರೆ ಬೆಲೆ ಏರುತ್ತದೆ. ಇಷ್ಟು ತಿಳಿಯಲು ಮಾದರಿ ಏಕೆ ಬೇಕು?

ಏರುತ್ತದೆ ಎನ್ನುವುದು ಸುಲಭ. ಎಷ್ಟು ಏರುತ್ತದೆ, ಯಾರ ಜೇಬಿನಿಂದ ಹೋಗುತ್ತದೆ ಎಂಬಲ್ಲಿ ಜಗಳ. ದೊಡ್ಡ ಮಾರುಕಟ್ಟೆ ಇರುವ ದೇಶ ಸುಂಕ ಹಾಕಿದಾಗ, ಆ ಮಾರುಕಟ್ಟೆ ಕಳೆದುಕೊಳ್ಳಬಾರದೆಂದು ಹೊರಗಿನ ಮಾರಾಟಗಾರ ತನ್ನ ಬೆಲೆಯನ್ನೇ ಇಳಿಸಬಹುದು. ಆಗ ಸುಂಕದ ಒಂದು ಭಾಗವನ್ನು ಅವನೇ ಹೊತ್ತಂತಾಗುತ್ತದೆ. 2018ರಲ್ಲಿ ಅಮೆರಿಕ ಚೀನಾ ಮತ್ತಿತರ ದೇಶಗಳ ಸರಕಿಗೆ ಸುಂಕ ಹೇರಿದಾಗ ‘ಇದನ್ನು ಚೀನಾ ಕಟ್ಟುತ್ತದೆ’ ಎಂಬ ಮಾತು ಜೋರಾಗಿ ಕೇಳಿಬಂತು. ಅರ್ಥಶಾಸ್ತ್ರಜ್ಞರಾದ ಮೇರಿ ಅಮಿತಿ, ಸ್ಟೀಫನ್ ರೆಡ್ಡಿಂಗ್, ಡೇವಿಡ್ ವೈನ್‌ಸ್ಟೈನ್ ಕಸ್ಟಮ್ಸ್ ದಾಖಲೆಗಳನ್ನು ಜಾಲಾಡಿ ನೋಡಿದರೆ, ಸುಂಕದ ಬಹುತೇಕ ಪೂರ್ತಿ ಭಾರ ಅಮೆರಿಕದ ಆಮದುದಾರರ ಮೇಲೆಯೇ ಬಿದ್ದಿತ್ತು. ಪ್ಯಾಬ್ಲೊ ಫೈಗೆಲ್‌ಬಾಮ್ ಮತ್ತು ಸಂಗಡಿಗರ ಅಧ್ಯಯನವೂ ಅದನ್ನೇ ಕಂಡುಕೊಂಡಿತು. ಆಮದು ಕೊಳ್ಳುವವರಿಗೆ ಆದ ನಷ್ಟ 5,100 ಕೋಟಿ ಡಾಲರ್. ದೇಶೀಯ ಉತ್ಪಾದಕರ ಲಾಭ ಮತ್ತು ಸುಂಕದ ವರಮಾನ ಕಳೆದ ಮೇಲೆ ಉಳಿದ ನಿವ್ವಳ ನಷ್ಟ 720 ಕೋಟಿ ಡಾಲರ್, ಅಂದರೆ ಜಿಡಿಪಿಯ ಶೇ 0.04. ನಿವ್ವಳ ಅಂಕಿ ಚಿಕ್ಕದು. ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟಿದ ಮೊತ್ತ ದೊಡ್ಡದು. ವ್ಯಾಪಾರ ನೀತಿಯ ಬಹುತೇಕ ಕತೆಗಳು ಹೀಗೇ ಇರುತ್ತವೆ.

ಅದೇ ವರ್ಷದ ಜನವರಿಯಲ್ಲಿ ಘೋಷಣೆಯಾದ ವಾಷಿಂಗ್ ಮೆಷಿನ್ ಸುಂಕದ ಕತೆ ಇನ್ನೂ ಸ್ವಾರಸ್ಯಕರ. ಮೆಷಿನ್ ಬೆಲೆ ಸುಮಾರು ಶೇ 12ರಷ್ಟು ಏರಿತು. ಸುಂಕವೇ ಇಲ್ಲದ, ಬಟ್ಟೆ ಒಣಗಿಸುವ ಡ್ರೈಯರ್ ಬೆಲೆಯೂ ಅಷ್ಟೇ ಏರಿತು, ಏಕೆಂದರೆ ಅಲ್ಲಿ ಎರಡನ್ನೂ ಜೋಡಿಯಾಗಿ ಕೊಳ್ಳುವುದು ರೂಢಿ. ಅಂಗಡಿಯವರು ಏರಿಕೆಯನ್ನು ಎರಡಕ್ಕೂ ಹಂಚಿಬಿಟ್ಟರು. ಸುಮಾರು 1,800 ಹೊಸ ಉದ್ಯೋಗ ಸೃಷ್ಟಿಯಾದವು. ಒಂದೊಂದು ಉದ್ಯೋಗಕ್ಕೆ ಗ್ರಾಹಕರು ತೆತ್ತದ್ದು ವರ್ಷಕ್ಕೆ 8 ಲಕ್ಷ ಡಾಲರ್‌ಗೂ ಹೆಚ್ಚು. ಡ್ರೈಯರ್ ಬೆಲೆ ಏರುತ್ತದೆ ಎಂದು ಮೊದಲೇ ಊಹಿಸಿದ ಮಾದರಿ ಇತ್ತೇ ಎಂದು ನೀವು ಕೇಳಿದರೆ ಮಾದರಿಕಾರರು ಸ್ವಲ್ಪ ಹೊತ್ತು ಚಾವಣಿ ನೋಡುತ್ತಾರೆ.

ಒಂದು ಲೆಕ್ಕವನ್ನು ಪೂರ್ತಿಯಾಗಿ ಮಾಡಿ ತೋರಿಸುತ್ತೀರಾ?

ಕಚ್ಚಾ ರೇಷ್ಮೆಯನ್ನೇ ತೆಗೆದುಕೊಳ್ಳೋಣ. 2011ರ ಕೇಂದ್ರ ಬಜೆಟ್ ಇದರ ಆಮದು ಸುಂಕವನ್ನು ಶೇ 30ರಿಂದ ಶೇ 5ಕ್ಕೆ ಇಳಿಸಿತು. 2013ರ ಬಜೆಟ್ ಶೇ 15ಕ್ಕೆ ಏರಿಸಿತು. ಇಳಿಸಿದಾಗ ರಾಮನಗರ, ಶಿಡ್ಲಘಟ್ಟದ ಕಡೆಯ ಬೆಳೆಗಾರರು ಮತ್ತು ಗೂಡಿನಿಂದ ನೂಲು ತೆಗೆಯುವ ರೀಲರ್‌ಗಳು ಬೀದಿಗಿಳಿದದ್ದು ಹಲವರಿಗೆ ನೆನಪಿರಬಹುದು. ಸುಂಕದ ಈ ದರಗಳು ನಿಜ. ಮುಂದಿನ ಅಂಕಿಗಳು ಮಾತ್ರ ಲೆಕ್ಕ ಸುಲಭವಾಗಲೆಂದು ನಾನು ಇಟ್ಟುಕೊಂಡವು.

ಹೊರಗಿನ ರೇಷ್ಮೆ ಕಿಲೋಗೆ 4,000 ರೂಪಾಯಿಗೆ ಬಂದು ಇಳಿಯುತ್ತದೆ ಎನ್ನಿ. ದೇಶದೊಳಗೆ ಬೇಡಿಕೆ 100 ಟನ್, ಉತ್ಪಾದನೆ 60 ಟನ್, ಆಮದು 40 ಟನ್. ಸುಂಕ ಸೊನ್ನೆಯಿಂದ ಶೇ 15ಕ್ಕೆ ಏರುತ್ತದೆ. ಬೆಲೆ 4,600 ಆಗುತ್ತದೆ. ನಮ್ಮ ಕೊಳ್ಳುವಿಕೆಯಿಂದ ಜಗತ್ತಿನ ಬೆಲೆ ಅಲುಗುವುದಿಲ್ಲ ಎಂದುಕೊಳ್ಳೋಣ. ಬೆಲೆ ಶೇ 1 ಏರಿದರೆ ಬೇಡಿಕೆ ಶೇ 1 ಕುಗ್ಗುತ್ತದೆ, ಉತ್ಪಾದನೆ ಶೇ 0.5 ಹಿಗ್ಗುತ್ತದೆ ಎಂದೂ ಇಟ್ಟುಕೊಳ್ಳೋಣ. ಆಗ ಬೇಡಿಕೆ 85 ಟನ್, ಉತ್ಪಾದನೆ 64.5 ಟನ್, ಆಮದು 20.5 ಟನ್.

ಕೊಳ್ಳುವವರ, ಅಂದರೆ ನೇಕಾರರ ಮತ್ತು ಅವರ ಹಿಂದೆ ನಿಂತ ಗ್ರಾಹಕರ ನಷ್ಟ: ಕಿಲೋಗೆ 600 ರೂಪಾಯಿಯನ್ನು 100 ಮತ್ತು 85ರ ಸರಾಸರಿಯಿಂದ ಗುಣಿಸಿ, 5.55 ಕೋಟಿ. ಬೆಳೆಗಾರರು ಮತ್ತು ರೀಲರ್‌ಗಳ ಲಾಭ: 600ನ್ನು 60 ಮತ್ತು 64.5ರ ಸರಾಸರಿಯಿಂದ ಗುಣಿಸಿ, 3.735 ಕೋಟಿ. ಸರ್ಕಾರಕ್ಕೆ ಸುಂಕ: 600ನ್ನು 20.5 ಟನ್‌ನಿಂದ ಗುಣಿಸಿ, 1.23 ಕೋಟಿ. ನಷ್ಟದಿಂದ ಎರಡು ಲಾಭಗಳನ್ನೂ ಕಳೆದರೆ 58.5 ಲಕ್ಷ ರೂಪಾಯಿ ಯಾರ ಕೈಗೂ ಸಿಗದೆ ಸೋರಿಹೋಗುತ್ತದೆ.

ಇದಕ್ಕೆ ಭಾಗಶಃ ಸಮತೋಲನ ಮಾದರಿ ಎನ್ನುತ್ತಾರೆ. ಒಂದೇ ಸರಕಿನ ಮಾರುಕಟ್ಟೆಯನ್ನು ಉಳಿದೆಲ್ಲದರಿಂದ ಬೇರ್ಪಡಿಸಿ ನೋಡುವುದು. ವಿಶ್ವಬ್ಯಾಂಕ್ ಮತ್ತು ವಿಶ್ವಸಂಸ್ಥೆಯ ವ್ಯಾಪಾರ ಅಂಗವಾದ ಅಂಕ್ಟಾಡ್ ಸೇರಿ ರೂಪಿಸಿದ ‘ಸ್ಮಾರ್ಟ್’ ಎಂಬ ಸಾಧನ ಇದೇ ಜಾತಿಯದು, ಸ್ವಲ್ಪ ಹೆಚ್ಚು ವಿವರವಾದದ್ದು. ಈಗ ಅದೇ ಲೆಕ್ಕದಲ್ಲಿ ಉತ್ಪಾದನೆಯ 0.5ನ್ನು 1.5 ಮಾಡಿ ನೋಡಿ. ಉತ್ಪಾದನೆ 73.5 ಟನ್‌ಗೆ ಏರುತ್ತದೆ, ಆಮದು 11.5 ಟನ್‌ಗೆ ಕುಸಿಯುತ್ತದೆ, ಸರ್ಕಾರದ ವರಮಾನ 1.23 ಕೋಟಿಯಿಂದ 69 ಲಕ್ಷಕ್ಕೆ ಬೀಳುತ್ತದೆ, ಸೋರಿಕೆ 85.5 ಲಕ್ಷಕ್ಕೆ ಏರುತ್ತದೆ. ಒಂದು ಅಂಕಿ ಬದಲಾಯಿತು, ವರದಿಯ ಬಣ್ಣವೇ ಬದಲಾಯಿತು.

ಆ 0.5 ಅಥವಾ 1.5 ಎಲ್ಲಿಂದ ಬರುತ್ತದೆ?

ಇದೇ ಅಸಲಿ ಪ್ರಶ್ನೆ. ಪಠ್ಯಪುಸ್ತಕ ಇದನ್ನು ಸ್ಥಿತಿಸ್ಥಾಪಕತ್ವ ಎನ್ನುತ್ತದೆ. ಹಿಂದಿನ ವರ್ಷಗಳ ಬೆಲೆ ಮತ್ತು ಪ್ರಮಾಣದ ದಾಖಲೆಗಳಿಂದ ಸಂಖ್ಯಾಶಾಸ್ತ್ರದ ವಿಧಾನದಲ್ಲಿ ಅಂದಾಜಿಸುವುದು ಒಂದು ದಾರಿ. ಬೇರೆ ದೇಶದ, ಬೇರೆ ಕಾಲದ ಅಧ್ಯಯನದಿಂದ ಎರವಲು ತರುವುದು ಇನ್ನೊಂದು. ಹೆಚ್ಚಿನವರು ಹಿಡಿಯುವುದು ಎರಡನೆಯದನ್ನೇ. ಎರವಲು ತರುವುದರಲ್ಲಿ ತಪ್ಪಿಲ್ಲ, ಎಲ್ಲಿಂದ ತಂದೆವೆಂದು ಹೇಳದಿರುವುದು ತಪ್ಪು.

ಕಾಲಾವಧಿಯೂ ಮುಖ್ಯ. ಬೆಲೆ ಏರಿದ ಮಾತ್ರಕ್ಕೆ ಹಿಪ್ಪುನೇರಳೆ ತೋಟ ರಾತ್ರೋರಾತ್ರಿ ಹಬ್ಬುವುದಿಲ್ಲ. ಅಡಿಕೆಯಂತೂ ಸಸಿ ನೆಟ್ಟು ಫಸಲು ಕಾಣಲು ಐದಾರು ವರ್ಷ ಕಾಯಬೇಕು. ಒಂದು ವರ್ಷದ ಸ್ಥಿತಿಸ್ಥಾಪಕತ್ವ ಬೇರೆ, ಹತ್ತು ವರ್ಷದ್ದು ಬೇರೆ. ಯಾವುದನ್ನು ಬಳಸಿದ್ದಾರೆ ಎಂದು ಹೇಳದ ವರದಿಯನ್ನು ಅಲ್ಲಿಗೇ ಮುಚ್ಚಿಡಬಹುದು.

ಸ್ಥಿತಿಸ್ಥಾಪಕತ್ವದ ಶಕ್ತಿಯನ್ನು ತೋರಿಸುವ ಅಚ್ಚುಕಟ್ಟಾದ ಫಲಿತಾಂಶ 2012ರಲ್ಲಿ ಬಂತು. ಕೋಸ್ಟಾಸ್ ಅರ್ಕೊಲಾಕಿಸ್, ಆರ್ನೊ ಕೋಸ್ಟಿನೊ, ಆಂಡ್ರೆಸ್ ರೊಡ್ರಿಗಸ್-ಕ್ಲೇರ್ ಒಂದು ವಿಷಯ ಸಾಧಿಸಿ ತೋರಿಸಿದರು: ವ್ಯಾಪಾರ ಮಾದರಿಗಳ ಒಂದು ದೊಡ್ಡ ಗುಂಪಿನಲ್ಲಿ, ವ್ಯಾಪಾರದಿಂದ ದೇಶಕ್ಕಾಗುವ ಒಟ್ಟು ಲಾಭ ಎರಡೇ ಅಂಕಿಗಳ ಮೇಲೆ ನಿಂತಿದೆ. ಒಂದು, ಜನ ಸ್ವದೇಶಿ ಸರಕಿಗೆ ಮಾಡುವ ಖರ್ಚಿನ ಪಾಲು. ಎರಡು, ವ್ಯಾಪಾರದ ಸ್ಥಿತಿಸ್ಥಾಪಕತ್ವ, ಅಂದರೆ ವ್ಯಾಪಾರದ ವೆಚ್ಚ ಬದಲಾದಾಗ ವ್ಯಾಪಾರ ಎಷ್ಟು ಬದಲಾಗುತ್ತದೆ ಎಂಬುದು. ಅಮೆರಿಕದಲ್ಲಿ ಆ ಪಾಲು ಸುಮಾರು ಶೇ 93. ಸ್ಥಿತಿಸ್ಥಾಪಕತ್ವ 10 ಎಂದರೆ ಲಾಭ ಶೇ 0.7, 5 ಎಂದರೆ ಶೇ 1.4. ಮಾದರಿಗಳು ಒಳಗೊಳಗೆ ಎಷ್ಟು ಜಟಿಲವಾಗಿದ್ದರೂ ಕೊನೆಗೆ ತೂಗುವುದು ಈ ಎರಡೇ ಅಂಕಿ ಎಂಬುದು ಆ ಕ್ಷೇತ್ರದವರಿಗೇ ಕಸಿವಿಸಿ ತಂದ ಸಂಗತಿ.

ರೇಷ್ಮೆ ಬೆಳೆಗಾರರಿಗೆ ಒಳ್ಳೆಯದಾದ ಸುಂಕ ರೇಷ್ಮೆ ನೇಕಾರರಿಗೂ ಒಳ್ಳೆಯದೇ ಅಲ್ಲವೇ?

ಅಲ್ಲ. ಬೆಳೆಗಾರನ ಬೆಲೆಯೇ ನೇಕಾರನ ಖರ್ಚು. ಹೊರಗಿನ ಪೈಪೋಟಿಯ ಬೆಲೆಯಲ್ಲಿ ಒಂದು ಸೀರೆಗೆ 10,000 ರೂಪಾಯಿ, ಅದಕ್ಕೆ ಹೋಗುವ ರೇಷ್ಮೆಗೆ 5,000 ಎನ್ನಿ. ಕೂಲಿ, ಮಗ್ಗ, ಲಾಭ ಎಲ್ಲ ಸೇರಿ ನೇಕಾರನ ಪಾಲು 5,000. ಸಿದ್ಧ ಸೀರೆಯ ಆಮದಿಗೆ ಶೇ 20 ಸುಂಕ, ರೇಷ್ಮೆಗೆ ಸುಂಕವಿಲ್ಲ ಎಂದಾದರೆ ಸೀರೆ 12,000ಕ್ಕೆ ಹೋಗುತ್ತದೆ, ನೇಕಾರನ ಪಾಲು 7,000 ಆಗುತ್ತದೆ. ಕಾಗದದ ಮೇಲೆ ಶೇ 20 ಸುಂಕ, ಅವನಿಗೆ ಸಿಕ್ಕ ರಕ್ಷಣೆ ಶೇ 40. ರೇಷ್ಮೆಗೂ ಶೇ 15 ಹಾಕಿದಿರೋ, ಅವನ ಪಾಲು 6,250ಕ್ಕೆ, ರಕ್ಷಣೆ ಶೇ 25ಕ್ಕೆ ಇಳಿಯುತ್ತದೆ. ರೇಷ್ಮೆಯ ಸುಂಕ ಶೇ 40 ಆದರೆ ರಕ್ಷಣೆ ಸೊನ್ನೆ. ಸೀರೆಯ ಸುಂಕ ತೆಗೆದು ರೇಷ್ಮೆಯದನ್ನು ಮಾತ್ರ ಶೇ 15ಕ್ಕೆ ಇಟ್ಟರೆ ಅವನಿಗೆ ದಂಡ ಬಿದ್ದಂತೆ: ಪಾಲು 4,250.

ಇದನ್ನು ಪರಿಣಾಮಕಾರಿ ರಕ್ಷಣೆಯ ದರ ಎನ್ನುತ್ತಾರೆ. 1960ರ ದಶಕದಲ್ಲಿ ಮ್ಯಾಕ್ಸ್ ಕಾರ್ಡನ್, ಬೇಲಾ ಬಲಾಸ ಮೊದಲಾದವರು ರೂಢಿಗೆ ತಂದ ಲೆಕ್ಕ. ಹಳೆಯದು, ಸರಳವಾದದ್ದು, ಇವತ್ತಿಗೂ ಅತ್ಯಂತ ಉಪಯುಕ್ತ. 2025ರ ಮೇ ತಿಂಗಳ ಕೊನೆಯಲ್ಲಿ ಕೇಂದ್ರ ಸರ್ಕಾರ ಕಚ್ಚಾ ತಾಳೆ, ಸೋಯಾ, ಸೂರ್ಯಕಾಂತಿ ಎಣ್ಣೆಗಳ ಮೂಲ ಸುಂಕವನ್ನು ಶೇ 20ರಿಂದ ಶೇ 10ಕ್ಕೆ ಇಳಿಸಿ, ಶುದ್ಧೀಕರಿಸಿದ ಎಣ್ಣೆಯ ಸುಂಕವನ್ನು ಮುಟ್ಟದೆ ಬಿಟ್ಟಿತು. ಗ್ರಾಹಕರಿಗೆ ಅಗ್ಗ ಎಂಬುದು ಸುದ್ದಿಯಾಯಿತು. ಸೆಸ್ ಸೇರಿ ಎರಡರ ನಡುವಿನ ಅಂತರ ಶೇ 8.25ರಿಂದ ಶೇ 19.25ಕ್ಕೆ ಹಿಗ್ಗಿದ್ದು ಶುದ್ಧೀಕರಣ ಘಟಕಗಳಿಗೆ ಅಷ್ಟೇ ದೊಡ್ಡ ಸುದ್ದಿ. ಎಣ್ಣೆಕಾಳು ಬೆಳೆಯುವ ರೈತ ಈ ಲೆಕ್ಕದಲ್ಲಿ ಎಲ್ಲಿ ನಿಂತ ಎಂಬುದನ್ನು ಮೇಲಿನ ಸೀರೆಯ ಉದಾಹರಣೆಯಿಂದ ನೀವೇ ಬಿಡಿಸಿಕೊಳ್ಳಬಹುದು.

ಸಾಮಾನ್ಯ ಸಮತೋಲನ ಮಾದರಿ ಎಂದರೇನು? ಜಿಟ್ಯಾಪ್ ಎಂಬ ಹೆಸರು ಎಲ್ಲೆಡೆ ಕೇಳುತ್ತದೆ.

ಒಂದು ಮಾರುಕಟ್ಟೆಯ ಬದಲು ಇಡೀ ಆರ್ಥಿಕತೆಯನ್ನು ಒಟ್ಟಿಗೆ ಬಿಡಿಸುವ ಮಾದರಿ. ರೇಷ್ಮೆಯ ಸುಂಕ ಏರಿದರೆ ಭೂಮಿ, ನೀರು, ಕೂಲಿ ಬೇರೆ ಬೆಳೆಯಿಂದ ಹಿಪ್ಪುನೇರಳೆಯ ಕಡೆಗೆ ಸರಿಯುತ್ತವೆ, ಕೂಲಿದರ ಬದಲಾಗುತ್ತದೆ, ಆಮದು ಕುಗ್ಗಿ ರೂಪಾಯಿ ಮೌಲ್ಯ ತುಸು ಏರುತ್ತದೆ, ಅದರಿಂದ ಇನ್ಯಾವುದೋ ರಫ್ತಿಗೆ ಪೆಟ್ಟಾಗುತ್ತದೆ. ಇವನ್ನೆಲ್ಲ ಒಂದೇ ಬಾರಿಗೆ ಲೆಕ್ಕ ಹಾಕುತ್ತದೆ. ಇಂಥ ಮೊದಲ ಮಾದರಿಯನ್ನು 1960ರಲ್ಲಿ ನಾರ್ವೆಯ ಲೀಫ್ ಯೊಹಾನ್ಸೆನ್ ಕಟ್ಟಿದರು.

ಜಿಟ್ಯಾಪ್ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಥಾಮಸ್ ಹರ್ಟೆಲ್ 1992ರಲ್ಲಿ ಆರಂಭಿಸಿದ ಯೋಜನೆ. ಅದರಲ್ಲಿ ಮಾದರಿಗಿಂತ ದತ್ತಾಂಶವೇ ದೊಡ್ಡ ಆಸ್ತಿ. ಯಾವ ದೇಶದ ಯಾವ ವಲಯ ಎಲ್ಲಿಂದ ಏನು ಕೊಳ್ಳುತ್ತದೆ ಎಂಬ ಜಾಗತಿಕ ಕೋಷ್ಟಕವನ್ನು ಹೊಂದಿಸಿ ಕೊಡುತ್ತಾರೆ. 11ನೇ ಆವೃತ್ತಿಯಲ್ಲಿ 65 ವಲಯಗಳು, 141 ದೇಶಗಳು, ಉಳಿದವಕ್ಕೆ ಒಟ್ಟುಗೂಡಿಸಿದ ಪ್ರದೇಶಗಳು. ಸರ್ಕಾರಗಳು ಮುಕ್ತ ವ್ಯಾಪಾರ ಒಪ್ಪಂದಕ್ಕೆ ಮೊದಲು ಮಾಡಿಸುವ ಅಧ್ಯಯನಗಳಲ್ಲಿ ಹೆಚ್ಚಿನವು ಈ ಕೋಷ್ಟಕದ ಮೇಲೆಯೇ ನಿಂತಿವೆ. ಪ್ಯಾರಿಸ್‌ನ ಸೆಪಿ ಸಂಸ್ಥೆಯ ‘ಮಿರಾಜ್’ ಮಾದರಿಗೂ ಬುನಾದಿ ಇದೇ.

ಅಂಥ ದೊಡ್ಡ ಮಾದರಿಯಲ್ಲಿ ನಮ್ಮ ರೇಷ್ಮೆ, ಅಡಿಕೆ ಕಾಣುತ್ತವೆಯೇ?

ಹುಡುಕಬೇಕು. ಆ 65 ವಲಯಗಳಲ್ಲಿ ಒಂದರ ಹೆಸರು ‘ಉಣ್ಣೆ, ರೇಷ್ಮೆಗೂಡು’. ರಾಮನಗರದ ಮಾರುಕಟ್ಟೆಗೆ ಬರುವ ಗೂಡೂ ಆಸ್ಟ್ರೇಲಿಯಾದ ಕುರಿಯ ಉಣ್ಣೆಯೂ ಒಂದೇ ಮೂಟೆಯಲ್ಲಿ. ಅಡಿಕೆ ಇರುವುದು ‘ತರಕಾರಿ, ಹಣ್ಣು, ಬೀಜ’ಗಳ ಗುಂಪಿನಲ್ಲಿ, ಈರುಳ್ಳಿ ಮತ್ತು ಸೇಬಿನ ಪಕ್ಕದಲ್ಲಿ. ಅಂದ ಮೇಲೆ ಆ ವಲಯದ ಸುಂಕ ಇಷ್ಟು ಎಂದರೆ ಅದು ಹತ್ತಾರು ಸರಕುಗಳ ಸರಾಸರಿ. ಅಡಿಕೆಯ ಶೇ 100 ಸುಂಕ ಆ ಸರಾಸರಿಯಲ್ಲಿ ಕರಗಿಹೋಗುತ್ತದೆ.

ಸರಾಸರಿಯ ಇನ್ನೊಂದು ತೊಂದರೆ: ಆಮದಿನ ಮೌಲ್ಯದಿಂದ ತೂಗಿ ಸರಾಸರಿ ತೆಗೆದರೆ, ಆಮದೇ ನಿಂತುಹೋಗುವಷ್ಟು ಎತ್ತರದ ಸುಂಕಕ್ಕೆ ತೂಕವೇ ಇರುವುದಿಲ್ಲ. ಗೋಡೆ ಎತ್ತರವಾದಷ್ಟೂ ಅದು ಲೆಕ್ಕದಲ್ಲಿ ಗಿಡ್ಡವಾಗಿ ಕಾಣುತ್ತದೆ. ಇದಕ್ಕೆ ಪರಿಹಾರವಾಗಿ ಸಂಶೋಧಕರು ದೊಡ್ಡ ಮಾದರಿಯೊಳಗೆ ಒಂದು ವಲಯವನ್ನು ಮಾತ್ರ ಬಿಡಿಸಿ, ವಿವರವಾದ ಭಾಗಶಃ ಮಾದರಿಯನ್ನು ಜೋಡಿಸುತ್ತಾರೆ. ಭಾರತದ ವಾಹನ ಉದ್ಯಮದ ಮೇಲೆ ಇಂಥ ಅಧ್ಯಯನ ನಡೆದಿದೆ. ನಿಮ್ಮ ಜಿಲ್ಲೆಯ ಬೆಳೆಯ ಬಗ್ಗೆ ಯಾರಾದರೂ ಜಾಗತಿಕ ಮಾದರಿಯ ಫಲಿತಾಂಶ ತೋರಿಸಿದರೆ, ಆ ಬೆಳೆ ಯಾವ ವಲಯದೊಳಗೆ ಅಡಗಿದೆ ಎಂದು ಮೊದಲು ಕೇಳಿ.

ಒಪ್ಪಂದದಿಂದ ಉದ್ಯೋಗ ನಷ್ಟವಾಗುವುದಿಲ್ಲ ಎಂದು ಮಾದರಿ ಹೇಳಿದೆ ಎನ್ನುತ್ತಾರೆ. ನಂಬಬಹುದೇ?

ಹಾಗೆ ಹೇಳಿದ್ದು ಮಾದರಿಯೋ, ಅದಕ್ಕೆ ಕೊಟ್ಟ ಆದೇಶವೋ ನೋಡಿ. ಸಮೀಕರಣಗಳಿಗಿಂತ ಅಜ್ಞಾತಗಳು ಹೆಚ್ಚಿರುವುದರಿಂದ ಕೆಲವನ್ನು ಕಟ್ಟಿಹಾಕಲೇಬೇಕು. ಸಾಮಾನ್ಯವಾಗಿ ಒಟ್ಟು ಉದ್ಯೋಗ ಬದಲಾಗದು, ಕೂಲಿದರ ಮಾತ್ರ ಬದಲಾಗುತ್ತದೆ ಎಂದು ಕಟ್ಟುತ್ತಾರೆ. ಒಂದು ಕಾರ್ಖಾನೆ ಮುಚ್ಚಿದರೆ ಅಲ್ಲಿನವರೆಲ್ಲ ಇನ್ನೊಂದು ಕಡೆ ಸೇರಿಕೊಂಡರು ಎಂಬುದು ಲೆಕ್ಕ ಆರಂಭವಾಗುವ ಮೊದಲೇ ತೀರ್ಮಾನವಾಗಿರುತ್ತದೆ. ಅದರ ಬದಲು ಕೂಲಿದರವನ್ನು ಕಟ್ಟಿಹಾಕಿ ಉದ್ಯೋಗವನ್ನು ಬಿಟ್ಟರೆ, ಅದೇ ಮಾದರಿ ಲಕ್ಷಗಟ್ಟಲೆ ಉದ್ಯೋಗ ಬಂತು ಅಥವಾ ಹೋಯಿತು ಎನ್ನುತ್ತದೆ.

ಡೇವಿಡ್ ಆಟರ್, ಡೇವಿಡ್ ಡಾರ್ನ್, ಗಾರ್ಡನ್ ಹ್ಯಾನ್ಸನ್ 2013ರಲ್ಲಿ ಪ್ರಕಟಿಸಿದ ಅಧ್ಯಯನ ಈ ಊಹೆಗೆ ದೊಡ್ಡ ಪೆಟ್ಟು ಕೊಟ್ಟಿತು. ಅವರು ಅಮೆರಿಕವನ್ನು ಸ್ಥಳೀಯ ಕಾರ್ಮಿಕ ಮಾರುಕಟ್ಟೆಗಳಾಗಿ ಒಡೆದು ನೋಡಿದರು. ಚೀನಾದ ಸರಕಿನಿಂದ ಪೆಟ್ಟು ತಿಂದ ಊರುಗಳಲ್ಲಿ ಜನ ಬೇರೆಡೆಗೆ ಹೋಗಲೂ ಇಲ್ಲ, ಬೇರೆ ಕೆಲಸ ಹಿಡಿಯಲೂ ಇಲ್ಲ. ಕೂಲಿ ಕುಸಿಯಿತು, ಸರ್ಕಾರದ ನೆರವಿನ ಮೇಲಿನ ಅವಲಂಬನೆ ಏರಿತು. ಮುಂದಿನ ಅಧ್ಯಯನವೊಂದರ ಅಂದಾಜಿನಂತೆ 1999ರಿಂದ 2011ರವರೆಗೆ ಹೀಗೆ ಹೋದ ಉದ್ಯೋಗ 20ರಿಂದ 24 ಲಕ್ಷ. ದೇಶದ ಸರಾಸರಿಯಲ್ಲಿ ಲಾಭ, ಊರಿನ ಲೆಕ್ಕದಲ್ಲಿ ನಷ್ಟ ಎರಡೂ ಏಕಕಾಲಕ್ಕೆ ನಿಜವಾಗಿರಬಹುದು. ನನ್ನ ಅಭಿಪ್ರಾಯ ಕೇಳಿದರೆ, ಜಿಲ್ಲಾವಾರು ಹಂಚಿಕೆ ತೋರಿಸದ ವರದಿ ಅರ್ಧ ವರದಿ.

ಗುರುತ್ವ ಮಾದರಿಗೂ ಭೌತಶಾಸ್ತ್ರಕ್ಕೂ ಏನು ಸಂಬಂಧ?

ಆಕಾರ ಮಾತ್ರ. ಎರಡು ದೇಶಗಳ ಆರ್ಥಿಕತೆ ದೊಡ್ಡದಾದಷ್ಟೂ ಅವುಗಳ ನಡುವಿನ ವ್ಯಾಪಾರ ಹೆಚ್ಚು, ದೂರ ಹೆಚ್ಚಿದಷ್ಟೂ ಕಡಿಮೆ. ಯಾನ್ ಟಿನ್‌ಬರ್ಗನ್ 1962ರಲ್ಲಿ ಇದನ್ನು ವ್ಯಾಪಾರದ ಅಂಕಿಗಳಿಗೆ ಹೊಂದಿಸಿದರು. ಇಷ್ಟು ಸರಳವಾದ ಸೂತ್ರ ಅಂಕಿಅಂಶಗಳಿಗೆ ಅಷ್ಟು ಚೆನ್ನಾಗಿ ಹೊಂದುವುದು ಅರ್ಥಶಾಸ್ತ್ರದಲ್ಲಿ ಅಪರೂಪ.

ಹಿಂದಿನ ಮಾದರಿಗಳು ‘ಹೀಗಾದರೆ ಏನು’ ಎಂದು ಕೇಳುತ್ತವೆ. ಇದು ‘ಆಗಿದ್ದು ಏನು’ ಎಂದು ಕೇಳುತ್ತದೆ. ಗಡಿ, ಭಾಷೆ, ವ್ಯಾಪಾರ ಒಪ್ಪಂದ ಇವು ಎಷ್ಟು ವ್ಯತ್ಯಾಸ ಮಾಡಿದವು ಎಂದು ಅಳೆಯಲು ಒಳ್ಳೆಯ ಸಾಧನ. ಆದರೆ ಎಡವುವ ಜಾಗಗಳೂ ಇವೆ. ಗಾತ್ರ, ದೂರ ಒಂದೇ ಇದ್ದರೂ ಕೆನಡಾದ ಪ್ರಾಂತ್ಯಗಳು ಅಮೆರಿಕದ ರಾಜ್ಯಗಳೊಂದಿಗೆ ಮಾಡುವುದಕ್ಕಿಂತ ತಮ್ಮತಮ್ಮೊಳಗೇ 22 ಪಟ್ಟು ಹೆಚ್ಚು ವ್ಯಾಪಾರ ಮಾಡುತ್ತವೆ ಎಂದು 1995ರಲ್ಲಿ ಜಾನ್ ಮೆಕ್ಯಾಲಮ್ ತೋರಿಸಿದಾಗ ಎಲ್ಲರೂ ಬೆರಗಾದರು. 2003ರಲ್ಲಿ ಜೇಮ್ಸ್ ಆಂಡರ್ಸನ್ ಮತ್ತು ಎರಿಕ್ ವಾನ್ ವಿನ್‌ಕೂಪ್ ಅದರ ದೋಷ ಹಿಡಿದರು: ಇಬ್ಬರ ನಡುವಿನ ಅಡ್ಡಿ ಮಾತ್ರ ಸಾಲದು, ಉಳಿದವರೆಲ್ಲರೊಂದಿಗೆ ಇರುವ ಅಡ್ಡಿಯನ್ನೂ ಸೇರಿಸಬೇಕು. ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್ ಪರಸ್ಪರ ಅಷ್ಟು ವ್ಯಾಪಾರ ಮಾಡುವುದಕ್ಕೆ ಉಳಿದ ಜಗತ್ತು ಇಬ್ಬರಿಗೂ ದೂರ ಇರುವುದೇ ಒಂದು ಕಾರಣ. ಇದನ್ನು ಸೇರಿಸಿದಾಗ ಗಡಿಯ ಪರಿಣಾಮ ಬಹಳಷ್ಟು ಕುಗ್ಗಿತು.

ನಮ್ಮ ಕಡೆಯ ಉದಾಹರಣೆ ಬೇಕೆಂದರೆ ಭಾರತ ಮತ್ತು ಪಾಕಿಸ್ತಾನ. ಎರಡರ ನಡುವೆ ವ್ಯಾಪಾರ 200 ಕೋಟಿ ಡಾಲರ್ ಆಸುಪಾಸಿನಲ್ಲಿದ್ದಾಗ, ಅಡ್ಡಿಗಳಿಲ್ಲದಿದ್ದರೆ 3,700 ಕೋಟಿ ಡಾಲರ್ ಆಗಬಹುದಿತ್ತು ಎಂದು ವಿಶ್ವಬ್ಯಾಂಕಿನ 2018ರ ವರದಿ ಅಂದಾಜಿಸಿತು. ಮರುವರ್ಷವೇ ಪುಲ್ವಾಮಾ ದಾಳಿಯ ನಂತರ ಭಾರತ ಪಾಕಿಸ್ತಾನದ ಸರಕಿಗೆ ಶೇ 200 ಸುಂಕ ಹಾಕಿತು, ಇದ್ದ ವ್ಯಾಪಾರವೂ ಬಹುತೇಕ ನಿಂತಿತು. ‘ಆಗಬಹುದಿತ್ತು’ ಎಂಬ ಅಂಕಿಯನ್ನು ‘ಆಗಲಿದೆ’ ಎಂದು ಓದಬಾರದು ಎನ್ನಲು ಇದಕ್ಕಿಂತ ಸಾಕ್ಷಿ ಬೇಡ.

ಮುಕ್ತ ವ್ಯಾಪಾರ ಒಪ್ಪಂದ ಎಂದರೆ ಎಲ್ಲರಿಗೂ ಅಗ್ಗ ತಾನೆ?

ಯಾವಾಗಲೂ ಅಲ್ಲ. ಅಗ್ಗವಾಗಿ ಮಾಡುವ ದೇಶ ಒಪ್ಪಂದದ ಹೊರಗಿದ್ದು, ತುಸು ದುಬಾರಿಯಾಗಿ ಮಾಡುವ ದೇಶ ಒಳಗಿದ್ದರೆ, ಸುಂಕವಿಲ್ಲದ ಕಾರಣಕ್ಕೆ ನಾವು ದುಬಾರಿಯವನಿಂದ ಕೊಳ್ಳುತ್ತೇವೆ, ಸರ್ಕಾರ ಸುಂಕವನ್ನೂ ಕಳೆದುಕೊಳ್ಳುತ್ತದೆ. ಜೇಕಬ್ ವೈನರ್ 1950ರಲ್ಲೇ ಇದನ್ನು ವ್ಯಾಪಾರದ ದಿಕ್ಕುತಪ್ಪುವಿಕೆ ಎಂದು ಗುರುತಿಸಿದ್ದರು. ಸರಕು ನಿಜವಾಗಿ ಯಾವ ದೇಶದ್ದು ಎಂದು ತೀರ್ಮಾನಿಸುವ ಮೂಲದ ನಿಯಮಗಳು ಸಡಿಲವಿದ್ದರೆ ಮೂರನೆಯ ದೇಶದ ಸರಕು ಒಪ್ಪಂದದ ದೇಶದ ಚೀಟಿ ಅಂಟಿಸಿಕೊಂಡು ಬರುತ್ತದೆ. ವಿಯೆಟ್ನಾಂ ಕಾಳುಮೆಣಸು ಶ್ರೀಲಂಕಾದ ಹೆಸರಿನಲ್ಲಿ ಬರುತ್ತಿದೆ ಎಂಬುದು ಕೊಡಗು, ಚಿಕ್ಕಮಗಳೂರಿನ ಬೆಳೆಗಾರರ ಹಳೆಯ ದೂರು. 2017ರ ಡಿಸೆಂಬರ್‌ನಲ್ಲಿ ಕಿಲೋಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ ಬಂದದ್ದು ಆ ಹಿನ್ನೆಲೆಯಲ್ಲಿ.

ಅಡಿಕೆಯ ಕನಿಷ್ಠ ಆಮದು ಬೆಲೆಯಂಥದ್ದನ್ನು ಮಾದರಿಯಲ್ಲಿ ಹೇಗೆ ತರುತ್ತಾರೆ?

ಕಷ್ಟಪಟ್ಟು. 2023ರ ಫೆಬ್ರುವರಿಯಲ್ಲಿ ಈ ಬೆಲೆ ಕಿಲೋಗೆ 251ರಿಂದ 351 ರೂಪಾಯಿಗೆ ಏರಿತು. ಅದಕ್ಕಿಂತ ಕಡಿಮೆ ಬೆಲೆಯ ಅಡಿಕೆಯನ್ನು ತರುವಂತಿಲ್ಲ. ಮಾದರಿಕಾರರು ಹೊರಗಿನ ಬೆಲೆಗೂ ಈ ಬೆಲೆಗೂ ಇರುವ ಅಂತರವನ್ನು ‘ಇಷ್ಟು ಶೇಕಡಾ ಸುಂಕಕ್ಕೆ ಸಮ’ ಎಂದು ಪರಿವರ್ತಿಸಿ ತುಂಬುತ್ತಾರೆ. ಹೊರಗಿನ ಬೆಲೆ ಇಳಿದಂತೆಲ್ಲ ಈ ಸಮಾನ ಸುಂಕ ತಾನಾಗಿ ಏರುತ್ತದೆ, ಆದ್ದರಿಂದ ಒಂದು ವರ್ಷದ ಅಂಕಿ ಮುಂದಿನ ವರ್ಷಕ್ಕೆ ಸಲ್ಲುವುದಿಲ್ಲ. ಇನ್ನೊಂದು ಮುಖ್ಯ ವ್ಯತ್ಯಾಸ: ಸುಂಕದ ಹಣ ಖಜಾನೆಗೆ ಹೋಗುತ್ತದೆ, ಕನಿಷ್ಠ ಬೆಲೆಯಿಂದ ಹುಟ್ಟುವ ಹೆಚ್ಚುವರಿ ಹಣ ಹೊರಗಿನ ಮಾರಾಟಗಾರನಿಗೋ ಆಮದುದಾರನಿಗೋ ಹೋಗುತ್ತದೆ. ಇದನ್ನು ಸುಂಕದಂತೆಯೇ ಲೆಕ್ಕ ಹಾಕಿ ಸರ್ಕಾರಕ್ಕೆ ವರಮಾನ ತೋರಿಸಿದ ಕೋಷ್ಟಕ ಕಂಡರೆ ಅಲ್ಲಿ ತಪ್ಪಿದೆ.

ಇನ್ನು ಕಳ್ಳಸಾಗಣೆ. ಒಳಗಿನ ಮತ್ತು ಹೊರಗಿನ ಬೆಲೆಯ ಅಂತರವೇ ಅದರ ಲಾಭಾಂಶ. ಮ್ಯಾನ್ಮಾರ್ ಗಡಿಯಿಂದ ಬರುವ ಚೀಲಗಳು ಕಸ್ಟಮ್ಸ್ ದಾಖಲೆಯಲ್ಲಿಲ್ಲ, ದಾಖಲೆಯಲ್ಲಿ ಇಲ್ಲದ್ದು ಮಾದರಿಯಲ್ಲೂ ಇಲ್ಲ. ಅಳೆಯಲು ಒಂದು ಉಪಾಯ ಇದೆ: ರಫ್ತು ಮಾಡುವ ದೇಶ ಬರೆದುಕೊಂಡ ಪ್ರಮಾಣ ಮತ್ತು ಆಮದು ಮಾಡುವ ದೇಶ ಬರೆದುಕೊಂಡ ಪ್ರಮಾಣವನ್ನು ಎದುರುಬದುರಿಟ್ಟು ನೋಡುವುದು. ರೇಮಂಡ್ ಫಿಸ್‌ಮನ್ ಮತ್ತು ಶಾಂಗ್‌ಜಿನ್ ವೇ 2004ರಲ್ಲಿ ಹಾಂಗ್‌ಕಾಂಗ್ ಮತ್ತು ಚೀನಾ ನಡುವಿನ ದಾಖಲೆಗಳನ್ನು ಹೀಗೆ ಹೋಲಿಸಿ, ತೆರಿಗೆ ಒಂದು ಶೇಕಡಾವಾರು ಅಂಶ ಏರಿದರೆ ತಪ್ಪಿಸಿಕೊಳ್ಳುವಿಕೆ ಸುಮಾರು ಶೇ 3 ಏರುತ್ತದೆ ಎಂದು ಕಂಡುಕೊಂಡರು. ಅಡಿಕೆಯ ಮೇಲೆ ಇಂಥದ್ದನ್ನು ಮಾಡಲು ಹೊರಡುವ ವಿದ್ಯಾರ್ಥಿಗೆ ನಮ್ಮ ಕಡೆಯಲ್ಲಿ ಓದುಗರ ಕೊರತೆ ಇರಲಾರದು.

ಹಿಂದಿನ ಮಾದರಿಗಳ ಲೆಕ್ಕ ನಿಜವಾಯಿತೇ?

ಅತಿ ಹೆಚ್ಚು ಪರೀಕ್ಷೆಗೊಳಗಾದದ್ದು ನಾಫ್ಟಾ, 1994ರ ಜನವರಿ 1ರಂದು ಜಾರಿಯಾದ ಅಮೆರಿಕ, ಕೆನಡಾ, ಮೆಕ್ಸಿಕೊ ಒಪ್ಪಂದ. ಒಪ್ಪಂದಕ್ಕೆ ಮುನ್ನ ಹಲವು ತಂಡಗಳು ಲೆಕ್ಕ ಹಾಕಿದ್ದವು. ಟಿಮೊತಿ ಕೀಹೊ 2005ರಲ್ಲಿ ಅವನ್ನು ನಡೆದ ಸಂಗತಿಯೊಂದಿಗೆ ಹೋಲಿಸಿದರು. ವ್ಯಾಪಾರದ ಬೆಳವಣಿಗೆಯನ್ನು ಮಾದರಿಗಳು ತೀರಾ ಕಡಿಮೆ ಅಂದಾಜಿಸಿದ್ದವು, ಯಾವ ವಲಯ ಬೆಳೆಯುತ್ತದೆ ಎಂಬುದರಲ್ಲೂ ಎಡವಿದ್ದವು.

ಕಾರಣ ತಿಳಿಯಲು 1969ಕ್ಕೆ ಹೋಗಬೇಕು. ಆಗ ಐಎಂಎಫ್‌ನಲ್ಲಿದ್ದ ಪಾಲ್ ಆರ್ಮಿಂಗ್ಟನ್, ಒಂದೇ ಸರಕಾದರೂ ಮೂಲದ ದೇಶ ಬೇರೆಯಾದರೆ ಬೇರೆ ಸರಕೆಂದೇ ಗಣಿಸಿ ಎಂದರು. ಜಪಾನಿನ ಕಾರು ಬೇರೆ, ಜರ್ಮನಿಯದು ಬೇರೆ. ಒಂದು ದೇಶ ಅದೇ ಸರಕನ್ನು ರಫ್ತೂ ಆಮದೂ ಮಾಡುವುದನ್ನು ಇದು ಚೆನ್ನಾಗಿ ವಿವರಿಸುತ್ತದೆ. ಆದರೆ ಈಗಿರುವ ಪಾಲನ್ನು ಇದು ಹಿಗ್ಗಿಸಬಲ್ಲದು, ಕುಗ್ಗಿಸಬಲ್ಲದು, ಅಷ್ಟೇ. ಸೊನ್ನೆಯನ್ನು ಎಷ್ಟರಿಂದ ಗುಣಿಸಿದರೂ ಸೊನ್ನೆಯೇ. ನಾಫ್ಟಾದ ನಂತರ ಬೆಳೆದ ವ್ಯಾಪಾರದಲ್ಲಿ ದೊಡ್ಡ ಪಾಲು ಮೊದಲು ವ್ಯಾಪಾರವೇ ಇಲ್ಲದ ಅಥವಾ ಅತ್ಯಲ್ಪ ಇದ್ದ ಸರಕುಗಳದ್ದು. ಮಾರ್ಕ್ ಮೆಲಿಟ್ಜ್ 2003ರಲ್ಲಿ ತಂದ ಬಗೆಯ ಮಾದರಿಗಳಲ್ಲಿ ಹೊಸ ಕಂಪನಿಗಳು ರಫ್ತಿಗೆ ಇಳಿಯುವುದಕ್ಕೆ ಅವಕಾಶವಿದೆ. ದೊಡ್ಡ ಮಾದರಿಗಳು ಈಗ ನಿಧಾನವಾಗಿ ಅದನ್ನು ಅಳವಡಿಸಿಕೊಳ್ಳುತ್ತಿವೆ.

2025ರ ಏಪ್ರಿಲ್‌ನಲ್ಲಿ ಅಮೆರಿಕ ಪ್ರಕಟಿಸಿದ ‘ಪ್ರತಿಸುಂಕ’ದ ಸೂತ್ರವೂ ಒಂದು ಆರ್ಥಿಕ ಮಾದರಿಯೇ?

ಗ್ರೀಕ್ ಅಕ್ಷರಗಳಿದ್ದವು, ಅಷ್ಟರ ಮಟ್ಟಿಗೆ ಹೌದು. ಒಂದು ದೇಶದೊಂದಿಗಿನ ವ್ಯಾಪಾರ ಕೊರತೆಯನ್ನು ಆ ದೇಶದಿಂದ ಬರುವ ಆಮದು, ಸ್ಥಿತಿಸ್ಥಾಪಕತ್ವ 4, ಸುಂಕ ಬೆಲೆಗೆ ದಾಟುವ ಪ್ರಮಾಣ 0.25 ಇವುಗಳ ಗುಣಲಬ್ಧದಿಂದ ಭಾಗಿಸಬೇಕು. ನಾಲ್ಕನ್ನು ಕಾಲಿನಿಂದ ಗುಣಿಸಿದರೆ ಒಂದು. ಎರಡೂ ಗ್ರೀಕ್ ಅಕ್ಷರಗಳು ಪರಸ್ಪರ ಹೊಡೆದುಹೋಗಿ, ಕೊರತೆಯನ್ನು ಆಮದಿನಿಂದ ಭಾಗಿಸಿದ್ದಷ್ಟೇ ಉಳಿಯಿತು. ಭಾರತಕ್ಕೆ ಹೀಗೆ ಶೇ 52 ಬಂತು. ಅದನ್ನು ಅರ್ಧ ಮಾಡಿ ಶೇ 26 ಎಂದು ಘೋಷಿಸಿದರು. ಭಾರತ ನಿಜವಾಗಿ ವಿಧಿಸುವ ಸುಂಕ ಆ ಸೂತ್ರದಲ್ಲಿ ಎಲ್ಲೂ ಇರಲಿಲ್ಲ. ಸೇವೆಗಳ ವ್ಯಾಪಾರವೂ ಇರಲಿಲ್ಲ, ಬೆಂಗಳೂರಿಗೆ ಇದು ಸಣ್ಣ ವಿಷಯವಲ್ಲ. ಮೂಲ ದರ ಶೇ 10 ಬಿದ್ದ ಪ್ರದೇಶಗಳ ಪಟ್ಟಿಯಲ್ಲಿ ಪೆಂಗ್ವಿನ್‌ಗಳು ಬಿಟ್ಟರೆ ಜನವಸತಿಯೇ ಇಲ್ಲದ ಹರ್ಡ್ ಮತ್ತು ಮೆಕ್‌ಡೊನಾಲ್ಡ್ ದ್ವೀಪಗಳೂ ಇದ್ದವು.

ಆ 0.25ಕ್ಕೆ ಆಧಾರವಾಗಿ ಉಲ್ಲೇಖಿಸಿದ್ದ ಅಧ್ಯಯನದ ಲೇಖಕರಲ್ಲಿ ಒಬ್ಬರಾದ ಬ್ರೆಂಟ್ ನೈಮನ್, ತಮ್ಮ ಫಲಿತಾಂಶದ ಪ್ರಕಾರ ಅಲ್ಲಿರಬೇಕಾದದ್ದು ಸುಮಾರು 0.95 ಎಂದು ಬಹಿರಂಗವಾಗಿ ತಕರಾರು ತೆಗೆದರು. ಅವರ ಅಂಕಿ ಹಾಕಿದರೆ ಸೂತ್ರದಿಂದ ಬರುವ ಸುಂಕ ಸುಮಾರು ಕಾಲುಭಾಗಕ್ಕೆ ಇಳಿಯುತ್ತಿತ್ತು.

ಒಂದೇ ಒಪ್ಪಂದದ ಬಗ್ಗೆ ಒಂದು ವರದಿ ಲಾಭ ಎನ್ನುತ್ತದೆ, ಇನ್ನೊಂದು ನಷ್ಟ ಎನ್ನುತ್ತದೆ. ಯಾವುದು ಸರಿ?

2019ರ ನವೆಂಬರ್ 4ರಂದು ಏಷ್ಯಾ-ಪೆಸಿಫಿಕ್ ದೇಶಗಳ ಮುಕ್ತ ವ್ಯಾಪಾರ ಒಪ್ಪಂದವಾದ ಆರ್‌ಸೆಪ್‌ನ ಮಾತುಕತೆಯಿಂದ ಭಾರತ ಹೊರಬರುವವರೆಗೆ ಈ ಪ್ರಶ್ನೆ ದೆಹಲಿಯಿಂದ ಹಾಸನದ ಹಾಲು ಒಕ್ಕೂಟದವರೆಗೆ ಕೇಳಿಬರುತ್ತಿತ್ತು. ಎರಡೂ ವರದಿಗಳು ತಮ್ಮ ತಮ್ಮ ಊಹೆಗಳ ಒಳಗೆ ಸರಿಯಿರಬಹುದು. ಸರಕಿನ ಸುಂಕವನ್ನು ಮಾತ್ರ ಇಳಿಸಿ ನೋಡಿದ್ದಾರೆಯೇ, ಬಂದರು ಮತ್ತು ಕಾಗದಪತ್ರದ ಅಡ್ಡಿಗಳು ಕಡಿಮೆಯಾಗುತ್ತವೆ ಎಂದೂ ಸೇರಿಸಿದ್ದಾರೆಯೇ ನೋಡಿ. ದೊಡ್ಡ ಲಾಭ ಸಾಮಾನ್ಯವಾಗಿ ಹುಟ್ಟುವುದು ಎರಡನೆಯದರಿಂದ, ಮತ್ತು ಅದನ್ನು ಅಳೆಯುವುದೇ ಅತಿ ಕಷ್ಟ. ಹೊಸ ಹೂಡಿಕೆ ಬಂದು ಬಂಡವಾಳ ಬೆಳೆಯುತ್ತದೆ ಎಂದು ಇಟ್ಟುಕೊಂಡಿದ್ದಾರೆಯೇ? ಹೋಲಿಕೆಗೆ ಯಾವ ವರ್ಷವನ್ನು ಆಧಾರವಾಗಿ ಹಿಡಿದಿದ್ದಾರೆ? ನಾವು ಸೇರದಿದ್ದರೆ ಉಳಿದವರೂ ಸೇರುವುದಿಲ್ಲ ಎಂದುಕೊಂಡಿದ್ದಾರೆಯೇ? ಸ್ಥಿತಿಸ್ಥಾಪಕತ್ವವನ್ನು ದುಪ್ಪಟ್ಟು, ಅರ್ಧ ಮಾಡಿ ಫಲಿತಾಂಶ ಎಷ್ಟು ಅಲುಗುತ್ತದೆ ಎಂದು ತೋರಿಸಿದ್ದಾರೆಯೇ? ವರದಿಯನ್ನು ಬರೆಸಿದವರು ಯಾರು ಎಂದು ನೋಡುವುದೂ ತಪ್ಪಲ್ಲ, ಆದರೆ ಅದನ್ನು ಕೊನೆಗೆ ನೋಡಿ. ಆಸಕ್ತರು ಬರೆಸಿದ ವರದಿಯಲ್ಲೂ ಲೆಕ್ಕ ಸರಿ ಇರುವುದುಂಟು.

ನಾನೇ ಕಲಿಯಬೇಕೆಂದರೆ ಎಲ್ಲಿಂದ ಆರಂಭಿಸಲಿ?

ಮೇಲಿನ ರೇಷ್ಮೆಯ ಲೆಕ್ಕವನ್ನು ಎಕ್ಸೆಲ್ ಹಾಳೆಯಲ್ಲಿ ಹಾಕಿ, ಎರಡು ಸ್ಥಿತಿಸ್ಥಾಪಕತ್ವಗಳನ್ನೂ ಬದಲಿಸುತ್ತ ನೋಡಿ. ನಂತರ ವಿಶ್ವಬ್ಯಾಂಕಿನ ವಿಟ್ಸ್ ತಾಣದಲ್ಲಿ ಉಚಿತವಾಗಿ ಹೆಸರು ನೋಂದಾಯಿಸಿ ಸ್ಮಾರ್ಟ್ ಬಳಸಿ. ಭಾರತದ ಆಮದು ರಫ್ತಿನ ಅಂಕಿಗಳು ವಾಣಿಜ್ಯ ಸಚಿವಾಲಯದ ತಾಣದಲ್ಲಿ ಎಂಟು ಅಂಕಿಯ ಸರಕು ಸಂಕೇತದ ಮಟ್ಟದವರೆಗೆ ಸಿಗುತ್ತವೆ. ಗುರುತ್ವ ಮಾದರಿಗೆ ಸೆಪಿ ಸಂಸ್ಥೆ ದೂರ, ಭಾಷೆ, ಒಪ್ಪಂದಗಳ ದತ್ತಾಂಶವನ್ನು ಉಚಿತವಾಗಿ ಕೊಡುತ್ತದೆ; ‘ಆರ್’ ಎಂಬ ಸಂಖ್ಯಾಶಾಸ್ತ್ರದ ತಂತ್ರಾಂಶ ಸಾಕು. ಸೊನ್ನೆಗೆ ಲಾಗರಿದಮ್ ಇಲ್ಲವೆಂದು ವ್ಯಾಪಾರ ಸೊನ್ನೆ ಇರುವ ದೇಶಗಳ ಜೋಡಿಗಳನ್ನು ಬಿಸಾಡಬೇಡಿ, ಸಾಂತೊಸ್ ಸಿಲ್ವಾ ಮತ್ತು ಟೆನ್‌ರೈರೊ 2006ರಲ್ಲಿ ಸೂಚಿಸಿದ ಪ್ವಾಸೋನ್ ವಿಧಾನ ಬಳಸಿ. ಜಿಟ್ಯಾಪ್‌ನ ಹೊಸ ಆವೃತ್ತಿಗೆ ಹಣ ಕಟ್ಟಬೇಕು, ಹಳೆಯವು ಉಚಿತ. ಕಲಿಯಲು ಹಳೆಯದೇ ಧಾರಾಳವಾಯಿತು.